ಏಳನೇ ಬ್ಯಾಚು

ಪುರಸೈವಾಕ್ಕಂ, ಚೆನ್ನೈ
ಭಾನುವಾರ, 11 ಜುಲೈ 2004

ಪ್ರೀತಿಯ ಕಲಾವತಿಗೆ ವಿನೋದಾಳ ನಮಸ್ಕಾರ.

ಕ್ಷೇಮ ಸಮಾಚಾರ ಆಮೇಲೆ. ನನ್ನ ಅಕ್ಷರ ಕಂಡ ಕೂಡಲೇ ನೀನು ಕಾಗದ ಹರಿದರೂ ಹರಿದೀಯ, ಅದಕ್ಕೇ ಮುಖ್ಯವಾದದ್ದನ್ನು ಮೊದಲೇ ಬರೆಯುತ್ತೇನೆ. ನೀನು ಮರೆತಿರಲಿಲ್ಲ. ಮೂರು ವರ್ಷದ ಹಿಂದೆ, ಮೇ ತಿಂಗಳ ಆ ಶುಕ್ರವಾರ, ಲ್ಯಾಬಿನಲ್ಲಿ ಡಯಾಲಿಸಿಸ್ ದ್ರಾವಣಕ್ಕೆ ನೀನು ಮರ್ಕ್ಯಾಪ್ಟೋ ಹಾಕಿಯೇ ಹಾಕಿದ್ದೆ. ಏಳನೇ ಬ್ಯಾಚಿನ ಕಿಣ್ವ ಕೆಟ್ಟದ್ದು ನಿನ್ನ ಕೈಯಿಂದಲ್ಲ. ನನ್ನಿಂದ. ಇಷ್ಟು ಓದಿದೆಯಲ್ಲ, ಇನ್ನು ಬೇಕಾದರೆ ಹರಿ.

ಹರಿಯದೆ ಕೂತಿದ್ದರೆ ಮುಂದಿನದು ಹೇಳುತ್ತೇನೆ. ಮೊನ್ನೆ ಗುರುವಾರ ನಮ್ಮ ಹೈರೋಡಿನ ಪಾತ್ರೆ ಅಂಗಡಿಯಲ್ಲಿ ನಿನ್ನ ಅಮ್ಮ ಸಿಕ್ಕಿದ್ದರು. ಇಡ್ಲಿ ತಟ್ಟೆಯನ್ನು ಬೆಳಕಿಗೆ ಹಿಡಿದು ತೂತು ನೋಡುತ್ತಿದ್ದರು. ಮುಖ ತಿರುಗಿಸುತ್ತಾರೆ ಅಂದುಕೊಂಡೆ, ಆದರೆ ಸರಸಮ್ಮ ಕೈ ಹಿಡಿದು ಪಕ್ಕದ ಸ್ಟೂಲಿನ ಮೇಲೆ ಕೂರಿಸಿಕೊಂಡರು. ನಾವಿಬ್ಬರೂ ಮಾತು ಬಿಟ್ಟದ್ದು ಯಾಕೆಂದು ನೀನು ಅವರಿಗೆ ಹೇಳಿಲ್ಲ ಅಂತ ಆಗ ಗೊತ್ತಾಯಿತು. ನೀನು ಹೇಗಿದ್ದೀಯ ಅಂತ ಕೇಳಿದೆ. ಅಯ್ಯೋ, ಅವಳ ಕಥೆ ಯಾಕೆ ಕೇಳ್ತೀಯಮ್ಮ, ಗ್ಯಾಸ್ ಆಫ್ ಮಾಡಿದೀನಾ ಅಂತ ಮೂರು ಸಲ ಎದ್ದು ಹೋಗಿ ನೋಡ್ತಾಳೆ, ಬಸ್ ಸ್ಟಾಪ್ ತನಕ ಹೋದೋಳು ತಿರುಗಿ ಬಂದು ಬೀಗ ಎಳೆದು ನೋಡ್ತಾಳೆ ಅಂದರು. ಇನ್ಶೂರೆನ್ಸ್ ಆಫೀಸಿನಲ್ಲಿ ಒಂದು ಫಾರಮ್ಮನ್ನು ನಾಲ್ಕು ಸಲ ಓದದೆ ಸಹಿ ಹಾಕುವುದಿಲ್ಲವಂತೆ. ಬಂದ ಎರಡು ಸಂಬಂಧಗಳನ್ನೂ ನೀನೇ ಬೇಡ ಅಂದೆಯಂತೆ. ನಂಗೆ ಮರೆವು ಜಾಸ್ತಿ ಅಮ್ಮ, ನಾಳೆ ಮಗೂನ ಎಲ್ಲಾದ್ರೂ ಬಿಟ್ಟು ಬಂದ್ಬಿಡ್ತೀನಿ ಅಂತಾಳೆ ನೋಡು, ಕೊಳುಪ್ಪು, ಕೊಬ್ಬು ಅಂದ್ರೆ ಇದೇ ಅಂತ ನಕ್ಕರು. ಆಮೇಲೆ, ನಿನ್ನ ಹಾಗೆ ಜ್ಞಾಪಕ ಇಲ್ಲಮ್ಮ ಅವಳಿಗೆ, ಅದಕ್ಕೇ ಓದು ಅರ್ಧಕ್ಕೆ ನಿಲ್ತು ಅಂದರು.

ಅವರು ನಗುತ್ತಿದ್ದರು ಕಲಾ. ನನಗೆ ಕಿವಿಯಲ್ಲಿ ಕಾದ ಎಣ್ಣೆ ಹೊಯ್ದ ಹಾಗಾಯಿತು. ನನ್ನ ಸುಳ್ಳಿನಿಂದ ನಿನ್ನ ಓದು ಹೋಯಿತು ಅಂತ ಮಾತ್ರ ನಾನು ತಿಳಿದಿದ್ದೆ. ಅದನ್ನು ಹೇಗೋ ನುಂಗಿಕೊಂಡು ಮೂರು ವರ್ಷ ಊಟ ಮಾಡಿದೆ, ನಿದ್ದೆ ಮಾಡಿದೆ. ಆದರೆ ನೀನು ಅದನ್ನು ನಂಬಿಬಿಟ್ಟಿದ್ದೀಯ ಅಂತ, ನಂಬಿ ಗ್ಯಾಸಿನ ಗುಂಡಿ ತಿರುಗಿಸಿ ತಿರುಗಿಸಿ ನೋಡುತ್ತಿದ್ದೀಯ ಅಂತ ಗೊತ್ತಿರಲಿಲ್ಲ.

ಆದ್ದರಿಂದ ಎಲ್ಲವನ್ನೂ ಮೊದಲಿನಿಂದ ಬರೆಯುತ್ತೇನೆ. ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ನಿನ್ನ ಅಮ್ಮನಿಗೂ ಓದಿ ಹೇಳಬೇಕಾದೀತು. ನನ್ನ ಕನ್ನಡ ಅಮ್ಮ ಮನೆಯಲ್ಲಿ ಸ್ಲೇಟು ಹಿಡಿಸಿ ಕಲಿಸಿದ್ದು, ತಪ್ಪಿದ್ದರೆ ತಿದ್ದಿಕೋ. ಕಿಣ್ವ ಅನ್ನುವ ಪದವನ್ನೇ ನನಗೆ ಕಲಿಸಿದವಳು ನೀನು, ಅರಸೀಕೆರೆಯ ಪಿಯುಸಿ ಪುಸ್ತಕದ ಜ್ಞಾನ. ಅಲ್ಲಿಯವರೆಗೆ ನನಗದು ಬರೀ ಎನ್‌ಜೈಮ್ ಆಗಿತ್ತು.

ಜಿರಳೆಯ ಕಾಲಿನ ಸ್ನಾಯುವಿನಿಂದ ಆರ್ಜಿನೈನ್ ಕೈನೇಸ್ ಅನ್ನುವ ಕಿಣ್ವವನ್ನು ಬೇರ್ಪಡಿಸಿ, ಶುದ್ಧ ಮಾಡಿ, ಅದರ ಗುಣಗಳನ್ನು ಅಳೆಯುವುದು ನಮ್ಮಿಬ್ಬರ ಕೆಲಸ. ಹಾಗಂದರೆ ಏನು ಅಂತ ನೀನು ನಮ್ಮ ಅಪ್ಪಯ್ಯನಿಗೆ ವಿವರಿಸಿದ್ದು ನೆನಪಿದೆಯಾ? ಹೋಟೆಲಿನ ಕ್ಯಾಶ್ ಕೌಂಟರಿನ ಪಕ್ಕ ನಿಂತು ಫಿಲ್ಟರ್ ಕಾಫಿ ಆರಿಸಿಕೊಳ್ಳುತ್ತಾ ಹೇಳಿದ್ದೆ. ಬೆಳಗ್ಗೆ ಎಂಟು ಗಂಟೆಗೆ ಜನ ಒಟ್ಟಿಗೆ ನುಗ್ತಾರಲ್ಲ ಮಾಮ, ಒಳಗಿಂದ ಸಾಂಬಾರು ಬರೋ ತನಕ ನೀವು ಪಕ್ಕದಲ್ಲಿ ಎತ್ತಿಟ್ಟ ಅಂಡೆಯಿಂದ ಬಡಿಸ್ತೀರಲ್ಲ, ಹುಳದ ಸ್ನಾಯುವಿನಲ್ಲೂ ಹಾಗೇ ಶಕ್ತಿ ಎತ್ತಿಟ್ಟಿರ್ತದೆ, ಗಡಿಬಿಡಿ ಹೊತ್ತಿನಲ್ಲಿ ಅದನ್ನು ಮೊಗೆದು ಕೊಡೋ ಸೌಟು ಈ ಕಿಣ್ವ ಅಂದೆ. ಲೈಟು ಹಾಕಿದ ಕೂಡಲೇ ಜಿರಳೆ ಸರ್ರನೆ ಓಡುವ ಮೊದಲ ಒಂದೆರಡು ಕ್ಷಣದ ಓಟ ಈ ಸೌಟಿನದ್ದು ಅಂತ ಮಾತ್ರ ಹೇಳಲಿಲ್ಲ. ನಾನೇ ನಿನ್ನ ಕಾಲು ತುಳಿದಿದ್ದೆ. ಮೂವತ್ತು ವರ್ಷ ಜಿರಳೆಯ ಜೊತೆ ಯುದ್ಧ ಮಾಡಿ ಹೋಟೆಲ್ ನಡೆಸಿದ ಕುಂದಾಪುರದ ಕಿಟ್ಟಣ್ಣನ ಮಗಳು ಜಿರಳೆ ಅರೆಯುತ್ತಾಳೆ ಅಂದರೆ ಏನಾದೀತು! ಅಪ್ಪಯ್ಯ ಹುಳ ಅಂದರೆ ರೇಷ್ಮೆಹುಳ ಅಂದುಕೊಂಡು ಸುಮ್ಮನಾದರು. ಇವತ್ತಿಗೂ ಅವರಿಗೆ ನಮ್ಮ ಗೈಡ್ ಸಾರ್‌ಗಿಂತ ನೀನು ಹೇಳಿದ್ದೇ ಸರಿಯಾಗಿ ಅರ್ಥವಾದದ್ದು.

ಎಷ್ಟು ಕಷ್ಟದ ಕೆಲಸ ಅದು. ತಿರುವೊಟ್ಟಿಯೂರಿನಿಂದ ಆ ಮನುಷ್ಯ ಡಬ್ಬದಲ್ಲಿ ತಂದುಕೊಡುತ್ತಿದ್ದ ಜಿರಳೆಗಳನ್ನು ಐಸಿನಲ್ಲಿ ಮರಗಟ್ಟಿಸಿ, ಒಂದೊಂದೇ ಕಾಲು ಕತ್ತರಿಸಿ, ಬುಡದಿಂದ ಚಿಮುಟದಲ್ಲಿ ಸ್ನಾಯು ಹಿಂಡಬೇಕು. ಮುನ್ನೂರು ಜಿರಳೆಗೆ ಒಂದು ಕಾಫಿ ಲೋಟದ ತಳ ಮುಚ್ಚುವಷ್ಟು. ಅದನ್ನು ತಣ್ಣಗೆ ಅರೆದು, ಯಂತ್ರದಲ್ಲಿ ಗಿರ್ರನೆ ತಿರುಗಿಸಿ ತಿಳಿ ತೆಗೆದು, ಅಮೋನಿಯಂ ಸಲ್ಫೇಟನ್ನು ಚಿಟಿಕೆ ಚಿಟಿಕೆಯಾಗಿ ಉದುರಿಸಿ ಗಷ್ಟು ಕೂರಿಸಿ, ಕೋಲ್ಡ್ ರೂಮಿನಲ್ಲಿ ಸ್ವೆಟರ್ ಹಾಕಿಕೊಂಡು ಕಾಲಮ್ಮಿನಿಂದ ಹನಿಹನಿ ಹಿಡಿದು, ಕೊನೆಗೆ ಡಯಾಲಿಸಿಸ್ ಚೀಲದಲ್ಲಿ ತುಂಬಿ ಒಂದಿಡೀ ದಿನ ನೆನೆಹಾಕಿ ಉಪ್ಪು ಕಳೆಯಬೇಕು. ಆ ದ್ರಾವಣಕ್ಕೆ ಹಾಕುವುದು ಮರ್ಕ್ಯಾಪ್ಟೋ, ಕಿಣ್ವ ಗಾಳಿಗೆ ಸೋತು ಕೆಡದಿರಲಿ ಅಂತ. ಕೊಳೆತ ಮೊಟ್ಟೆಯ ನಾತ. ಪೆರಂಬೂರಿನ ಬಸ್ಸಿನಲ್ಲಿ ನಿನ್ನ ಪಕ್ಕ ಯಾರೂ ಕೂರುವುದಿಲ್ಲ ಅಂತ ನೀನು ಖುಷಿಪಡುತ್ತಿದ್ದೆ.

ಮೊದಲ ಆರು ಬ್ಯಾಚುಗಳಲ್ಲಿ ಒಂದಲ್ಲ ಒಂದು ಕಲಬೆರಕೆ ಉಳಿದಿತ್ತು. ಏಳನೆಯದು ಪೂರ್ತಿ ನಿನ್ನದು. ಹನ್ನೊಂದು ದಿನ ಮಾಡಿದೆ. ಕಲಬೆರಕೆ ಇಲ್ಲ ಅನ್ನುವುದಕ್ಕೆ ಗುರುತಾಗಿ ಜೆಲ್ಲಿನಲ್ಲಿ ಒಂದೇ ಒಂದು ಗೆರೆ ಬಂದಾಗ ನೀನು ಅದನ್ನು ಕಿಟಕಿಗೆ ಹಿಡಿದು ಕುಣಿದದ್ದು ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಶುಕ್ರವಾರ ಸಂಜೆ ಡಯಾಲಿಸಿಸ್ ಮುಗಿಸಿ, ಆರು ಪುಟ್ಟ ಟ್ಯೂಬುಗಳಿಗೆ ಹಂಚಿ, ನೆಟ್ಟಗೆ ನಿಲ್ಲಿಸಿ ಫ್ರೀಜರಿನಲ್ಲಿಟ್ಟು, ಅಣ್ಣನ ಮದುವೆಗೆಂದು ಊರಿಗೆ ಹೊರಟೆ. ಟ್ರೇನಿಗೆ ತಡವಾಗಿತ್ತು. ವಿನೂ, ಮಂಗಳವಾರ ಬರ್ತೀನಿ ಕಣೇ, ನನ್ನ ಕೂಸುಗಳನ್ನು ನೋಡ್ಕೋ ಅಂದೆ. ನೋಡಿಕೊಂಡೆ ನೋಡು, ಎಷ್ಟು ಚೆನ್ನಾಗಿ!

ಶನಿವಾರ ಬೆಳಗ್ಗೆ ಲ್ಯಾಬಿಗೆ ಹೋದರೆ ಟ್ರಾನ್ಸ್‌ಫಾರ್ಮರ್ ಸುಟ್ಟು ಇಡೀ ಕಟ್ಟಡಕ್ಕೆ ಕರೆಂಟಿಲ್ಲ. ಸೋಮವಾರದ ತನಕ ಬರುವುದಿಲ್ಲ ಅಂದರು. ಹೊರಗೆ ಕಡುಬೇಸಿಗೆಯ ಕತ್ತಿರಿ ಬಿಸಿಲು, ನಲವತ್ತೆರಡು ಡಿಗ್ರಿ. ಸಾರ್ ದೆಹಲಿಯಲ್ಲಿದ್ದರು. ನನ್ನ ಮಹಾ ಬುದ್ಧಿಗೆ ಹೊಳೆದದ್ದು ಒಂದೇ: ನಮ್ಮ ಹೋಟೆಲಿನ ಐಸ್‌ಕ್ರೀಮ್ ಫ್ರೀಜರು. ಅಲ್ಲಿ ಜನರೇಟರ್ ಇದೆ. ಟ್ಯೂಬುಗಳನ್ನು ಐಸಿನ ಫ್ಲಾಸ್ಕಿನಲ್ಲಿಟ್ಟು ಆಟೋದಲ್ಲಿ ತಂದು, ಒಂದು ಸ್ಟೀಲ್ ಡಬ್ಬಿಗೆ ಹಾಕಿ, ಟೂಟಿಫ್ರೂಟಿಯ ಹಿಂದೆ ಇಟ್ಟೆ. ಅಪ್ಪಯ್ಯ ಊಟದ ಹೊತ್ತಿನ ಗಲಾಟೆಯಲ್ಲಿದ್ದರು. ಯಾರಿಗೂ ಹೇಳಲಿಲ್ಲ. ಭಾನುವಾರ ಇಡೀ ದಿನ ಲೈಬ್ರರಿಯಲ್ಲಿ ಕೂತು ಸಾರ್ ಕೇಳಿದ್ದ ರಿಪೋರ್ಟು ಬರೆದೆ.

ಆ ಭಾನುವಾರ ಅಪ್ಪಯ್ಯ ಐಸ್‌ಕ್ರೀಮ್ ಲೆಕ್ಕ ನೋಡಲು ಫ್ರೀಜರ್ ತೆರೆದಿದ್ದಾರೆ. ಡಬ್ಬಿಯ ಮೇಲೆ ನಾನೇ ಇಂಗ್ಲಿಷಿನಲ್ಲಿ ಅಂಟಿಸಿದ್ದ ಚೀಟಿ: ಕಾಲಿನ ಸ್ನಾಯು, ಏಳನೇ ಬ್ಯಾಚು. ಎಸ್ಸೆಸ್ಸೆಲ್ಸಿ ಓದಿದವರಿಗೆ ಅಷ್ಟು ಸಾಕಲ್ಲವಾ. ಜಯಾ, ಇಲ್ಕಾಣ್, ಕಾಲಿನ್ ಮಾಂಸ ಅಂದೇಳಿ ಬರ್ದಿತ್ತಲೆ ಅಂತ ಅಮ್ಮನನ್ನು ಕರೆದರಂತೆ. ಕೂಗಾಡಲಿಲ್ಲ. ಮೇ ತಿಂಗಳ ಭಾನುವಾರ, ಐಸ್‌ಕ್ರೀಮಿಗೆ ಜನ ಸಾಲು ನಿಲ್ಲುವ ದಿನ, ಕೌಂಟರಿನ ಮೇಲೆ ಮಿಷನ್ ರಿಪೇರಿ ಅಂತ ಬೋರ್ಡು ಇಟ್ಟು, ಇದ್ದ ಐಸ್‌ಕ್ರೀಮನ್ನೆಲ್ಲ ಚರಂಡಿಗೆ ಸುರಿಸಿ, ಫ್ರೀಜರ್ ಆರಿಸಿ ಹುಣಿಸೆಹಣ್ಣು ಹಾಕಿ ತಿಕ್ಕಿಸಿದರು. ಭಟ್ಟರನ್ನು ಕರೆಸಿ ಪುಣ್ಯಾಹ ಮಾಡಿಸಿ ನೀರು ಪ್ರೋಕ್ಷಣೆ ಮಾಡಿಸಿದರು. ಮಗಳ ಓದಿನ ಸಾಮಾನು ಅಂತ ಡಬ್ಬಿಯನ್ನು ಎಸೆಯಲು ಮನಸ್ಸು ಬರದೆ ಹಿಂದಿನ ಮೆಟ್ಟಿಲ ಮೇಲೆ ಇಟ್ಟರು. ಬಿಸಿಲಿನಲ್ಲಿ, ಬಾಯ್ಲರಿನ ಪಕ್ಕ, ಬೆಳಗ್ಗೆ ಹತ್ತರಿಂದ ಸಂಜೆ ಐದರ ತನಕ. ಸಂಜೆ ಅಮ್ಮ ಕನಿಕರಪಟ್ಟು ಮನೆಗೆ ತಂದು ನಮ್ಮ ಫ್ರಿಜ್ಜಿನ ಐಸಿನ ಪೆಟ್ಟಿಗೆಯಲ್ಲಿ ಸೇರಿಸಿದಳು. ಇದೆಲ್ಲ ನನಗೆ ತಿಳಿದದ್ದು ಎಷ್ಟೋ ದಿನಗಳ ಮೇಲೆ.

ಸೋಮವಾರ ಬೆಳಗ್ಗೆ ಅಮ್ಮ ಡಬ್ಬಿ ಕೊಟ್ಟಳು, ಅಂಗಡಿ ಫ್ರೀಜರು ತೊಳದ್ರ್, ಅದ್ಕೆ ಇಲ್ಲಿಟ್ಟೆ ಅಂದಳು. ಲ್ಯಾಬಿಗೆ ಕರೆಂಟು ಬಂದಿತ್ತು. ಮಧ್ಯಾಹ್ನ ಸಾರ್ ಎದುರಿಗೇ ಟೆಸ್ಟ್ ಮಾಡಿದೆ. ಮೀಟರಿನ ಮುಳ್ಳು ಅಲುಗಲಿಲ್ಲ. ಎರಡನೇ ಟ್ಯೂಬು, ಮೂರನೆಯದು, ಊಹೂಂ. ಬುಧವಾರ ದೆಹಲಿಗೆ ರಿಪೋರ್ಟು ಹೋಗಬೇಕು, ನಮ್ಮಿಬ್ಬರಲ್ಲಿ ಒಬ್ಬರ ಫೆಲೋಶಿಪ್ ಮಾತ್ರ ಮುಂದುವರಿಯುತ್ತದೆ ಅಂತ ಅದೇ ವಾರ ಕಾಗದ ಬಂದಿತ್ತು. ಏನಾಯಿತು ಅಂತ ಸಾರ್ ಕೇಳಿದರು. ಕರೆಂಟಿಲ್ಲದಾಗ ಟ್ಯೂಬುಗಳನ್ನು ಐಸಿನಲ್ಲೇ ಇಟ್ಟಿದ್ದೆ, ಕಲಾ ಮರ್ಕ್ಯಾಪ್ಟೋ ಹಾಕಲು ಮರೆತಿರಬೇಕು ಸಾರ್, ಅವಳಿಗೆ ಟ್ರೇನಿನ ಅವಸರ ಇತ್ತು ಅಂದೆ. ನಿಜವಾಗಿ ಹಾಗೇ ಆಗಿರಬೇಕು ಅಂತ ನಾನು ನಂಬಿದ್ದೆ.

ಮಂಗಳವಾರ ನೀನು ಕೈಯಲ್ಲಿ ಮದುವೆಯ ಚಿರೋಟಿ ಡಬ್ಬಿ ಹಿಡಿದುಕೊಂಡು ಬಂದೆ. ಅಷ್ಟರೊಳಗೆ ನನ್ನ ಮರೆತಿರಬೇಕು ಅನ್ನುವ ಮಾತು ಎಲ್ಲರ ಬಾಯಲ್ಲಿ ಮರೆತಳು ಆಗಿತ್ತು. ಸಾರ್ ನಿನ್ನ ನೋಟ್‌ಬುಕ್ ತೆರೆಸಿದರು. ಪ್ರತಿ ಹೆಜ್ಜೆಗೂ ಟಿಕ್ ಹಾಕುವವಳು ನೀನು. ಮರ್ಕ್ಯಾಪ್ಟೋದ ಆ ಒಂದು ಸಾಲಿನ ಎದುರು, ಅವಸರಕ್ಕೋ ಏನೋ, ಟಿಕ್ ಇರಲಿಲ್ಲ. ಹಾಕಿದ ಹಾಗೆ ನೆನಪು ಸಾರ್ ಅಂದೆ. ನೆನಪಾ ಅಂತ ಅವರು ಕೇಳಿದರು. ನೀನು ನನ್ನ ಕಡೆ ನೋಡಿದೆ. ನಾನು ಬೀಕರ್ ತೊಳೆಯುತ್ತಿದ್ದೆ, ತೊಳೆದ ಬೀಕರನ್ನೇ ಮತ್ತೆ ತೊಳೆಯುತ್ತಿದ್ದೆ. ಗೊತ್ತಿಲ್ಲ ಸಾರ್, ಇರಬಹುದು ಅಂತ ನೀನು ಹೇಳಿದ್ದು ನನಗೆ ಬೆನ್ನ ಹಿಂದಿನಿಂದ ಕೇಳಿಸಿತು. ಫೆಲೋಶಿಪ್ ನನಗೆ ಬಂತು. ಆಗಸ್ಟಿನಲ್ಲಿ ನೀನು ಬಿಟ್ಟು ಹೋದೆ. ಹೋಗುವ ದಿನ ನನಗೆ ಹೇಳದೆ ಹೋದೆ.

ಈಗ ಒಂದು ಕೆಲಸ ಮಾಡುತ್ತೇನೆ. ಮೊದಲ ದಿನ ಸಾರ್ ನಮ್ಮಿಬ್ಬರಿಗೂ ಹೇಳಿದ ನಿಯಮ ಇತ್ತಲ್ಲ, ನೋಟ್‌ಬುಕ್ಕಿನಲ್ಲಿ ತಪ್ಪಾದರೆ ಉಜ್ಜಬಾರದು, ಹಾಳೆ ಹರಿಯಬಾರದು, ಒಂದೇ ಗೆರೆ ಎಳೆದು ಕೆಳಗಿನದು ಓದುವ ಹಾಗೆ ಬಿಟ್ಟು ಪಕ್ಕದಲ್ಲಿ ಸಹಿ ಹಾಕಬೇಕು ಅಂತ. ಮೇಲೆ ಎರಡು ವಾಕ್ಯಗಳ ಮೇಲೆ ಹಾಗೆ ಗೆರೆ ಎಳೆದು ಸಹಿ ಹಾಕಿದ್ದೇನೆ, ನೋಡು. ಎಷ್ಟೋ ದಿನಗಳ ಮೇಲೆ ತಿಳಿಯಿತು ಅನ್ನುವುದು ಒಂದು. ನಿಜವಾಗಿ ನಂಬಿದ್ದೆ ಅನ್ನುವುದು ಇನ್ನೊಂದು. ಎರಡೂ ಸುಳ್ಳು. ಮೂರು ವರ್ಷ ಹೇಳಿ ಹೇಳಿ ಎಷ್ಟು ರೂಢಿಯಾಗಿದೆಯೆಂದರೆ, ನಿಜ ಬರೆಯಬೇಕು ಅಂತಲೇ ಕೂತವಳ ಕೈಯೂ ಅದನ್ನೇ ಬರೆಯಿತು.

ನಿಜ ಇದು. ಸೋಮವಾರ ಬೆಳಗ್ಗೆ ಅಮ್ಮ ಕೊಟ್ಟ ಡಬ್ಬಿಯನ್ನು ಅಡುಗೆಮನೆಯಲ್ಲೇ ತೆರೆದೆ. ನೀನು ಟ್ಯೂಬುಗಳನ್ನು ನಿಲ್ಲಿಸಿ ಹೆಪ್ಪುಗಟ್ಟಿಸಿದ್ದೆ, ಐಸು ತಳದಲ್ಲಿ ಮಟ್ಟಸವಾಗಿ ಇರಬೇಕಿತ್ತು. ಅದು ಆರೂ ಟ್ಯೂಬುಗಳಲ್ಲಿ ಓರೆಯಾಗಿ ಒಂದು ಬದಿಗೆ ಮಲಗಿತ್ತು. ಪೂರ್ತಿ ಕರಗಿ, ಅಡ್ಡ ಬಿದ್ದು, ಮತ್ತೆ ಗಟ್ಟಿಯಾಗಿದೆ ಅಂತ ಎಂಥ ದಡ್ಡಿಗೂ ಗೊತ್ತಾಗುತ್ತದೆ. ಅಮ್ಮನನ್ನು ಕೇಳಿದೆ. ಅವಳು ಮೆಟ್ಟಿಲಿನಿಂದ ಪುಣ್ಯಾಹದ ತನಕ ಎಲ್ಲ ಹೇಳಿದಳು. ಲ್ಯಾಬಿಗೆ ಹೋಗಿ, ಸಾರ್ ಬರುವ ಮುಂಚೆ, ಒಂದು ಟ್ಯೂಬಿನ ಮುಚ್ಚಳ ತೆಗೆದು ಮೂಸಿದೆ. ಕೊಳೆತ ಮೊಟ್ಟೆ. ನೀನು ಮರ್ಕ್ಯಾಪ್ಟೋ ಹಾಕಿದ್ದೀಯ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕಾ? ಅದು ಗೊತ್ತಿದ್ದೇ, ಮೂಗಿನಲ್ಲಿ ಆ ನಾತ ಇರುವಾಗಲೇ, ಸಾರ್ ಎದುರು ನಿನ್ನ ಹೆಸರು ಹೇಳಿದೆ.

ಯಾಕೆ ಅಂತ ನೀನು ಕೇಳುತ್ತೀಯ. ಅಪ್ಪಯ್ಯನ ಹೋಟೆಲಿನ ಮಾನ ಅಂತ ನನಗೆ ನಾನು ಹೇಳಿಕೊಂಡಿದ್ದೆ. ಅದೂ ಇತ್ತು, ಇಲ್ಲ ಅನ್ನುವುದಿಲ್ಲ. ಸಾರ್ ಊರಲ್ಲಿದ್ದಾಗ ಸಂಸಾರ ಸಮೇತ ಪ್ರತಿ ಶನಿವಾರ ನಮ್ಮಲ್ಲಿ ಐಸ್‌ಕ್ರೀಮ್ ತಿನ್ನುವವರು. ಅದೇ ಪೆಟ್ಟಿಗೆಯಲ್ಲಿ ಜಿರಳೆಯ ಮಾಂಸ ಇಟ್ಟಿದ್ದೆ ಅಂತ ಬಾಯಿ ಬಿಟ್ಟಿದ್ದರೆ ಪುರಸೈವಾಕ್ಕಂನಲ್ಲಿ ಅಪ್ಪಯ್ಯ ತಲೆ ಎತ್ತಿ ಓಡಾಡುವಂತಿರಲಿಲ್ಲ. ಆದರೆ ಅದು ಒಂದು ಪಾಲು. ಉಳಿದ ಮೂರು ಪಾಲು ಫೆಲೋಶಿಪ್. ನೀನು ನನಗಿಂತ ಒಳ್ಳೆಯ ಕೆಲಸಗಾರ್ತಿ, ಕಲಾ. ಆರು ಬ್ಯಾಚಿನಲ್ಲಿ ನಾನು ಕೆಡಿಸಿದ್ದು ನಾಲ್ಕು. ಒಂದೇ ಒಂದು ಜಾಗ ಇದ್ದರೆ ಅದು ನಿನಗೇ ಹೋಗಬೇಕು ಅಂತ ನನಗೆ ಗೊತ್ತಿತ್ತು. ಹೊಟ್ಟೆಕಿಚ್ಚು ಅಂತ ಬರೆಯಲು ಇಷ್ಟು ಹೊತ್ತು ಬೇಕಾಯಿತು.

ಸುಳ್ಳು ಅಲ್ಲಿಗೇ ನಿಲ್ಲಲಿಲ್ಲ, ಕೇಳು. ಹಾಳಾದದ್ದು ಹಾಳಾಯಿತು, ಅದನ್ನೇ ಒಂದು ಫಲಿತಾಂಶ ಮಾಡಿ ಬರಿ ಅಂದರು ಸಾರ್. ಬರೆದೆ. ಮರ್ಕ್ಯಾಪ್ಟೋ ಇಲ್ಲದಿದ್ದರೆ ಈ ಕಿಣ್ವ ಒಂದು ದಿನದಲ್ಲಿ ಪೂರ್ತಿ ಶಕ್ತಿ ಕಳೆದುಕೊಳ್ಳುತ್ತದೆ ಅಂತ. ಹೋದ ವರ್ಷ ಅದು ವಿಜ್ಞಾನ ಪತ್ರಿಕೆಯಲ್ಲಿ ಅಚ್ಚಾಯಿತು, ನನ್ನ ಹೆಸರು, ಸಾರ್ ಹೆಸರು. ನಿನ್ನದು ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ, ತಾಂತ್ರಿಕ ನೆರವಿಗೆ ಕೃತಜ್ಞತೆ ಅಂತ. ಥೀಸಿಸ್ಸಿನಲ್ಲಿ ಅದಕ್ಕೇ ಒಂದು ಗ್ರಾಫು. ಹೊರಗಿನ ಪರೀಕ್ಷಕರು ಅದನ್ನು ಮೆಚ್ಚಿ, ಈ ಪ್ರಯೋಗ ಎಷ್ಟು ಸಲ ಮಾಡಿದ್ದೀರಿ ಅಂತ ಒಂದು ಪ್ರಶ್ನೆ ಕಳಿಸಿದರು. ಒಂದು ಸಲವೂ ಮಾಡಿರಲಿಲ್ಲವಲ್ಲ!

ಹೋದ ತಿಂಗಳು ಮಾಡಿದೆ. ಹೊಸ ಬ್ಯಾಚು ತಯಾರಿಸಿ ಎರಡು ಚೀಲ ಕಟ್ಟಿ, ಒಂದನ್ನು ಮರ್ಕ್ಯಾಪ್ಟೋ ಇರುವ ದ್ರಾವಣದಲ್ಲಿ, ಇನ್ನೊಂದನ್ನು ಇಲ್ಲದ್ದರಲ್ಲಿ ಇಟ್ಟೆ. ಎರಡು ದಿನ ಕಳೆದ ಮೇಲೆ ಅಳೆದರೆ ಇಲ್ಲದ್ದರಲ್ಲೂ ನೂರಕ್ಕೆ ಎಪ್ಪತ್ತೊಂದು ಪಾಲು ಶಕ್ತಿ ಉಳಿದಿತ್ತು. ಮೂರು ಸಲ ಮಾಡಿದೆ. ಎಪ್ಪತ್ತೊಂದು, ಅರವತ್ತೆಂಟು, ಎಪ್ಪತ್ತಮೂರು. ಅರ್ಥ ಆಯಿತಾ? ನೀನು ಹಾಕಿದ್ದೆ. ಒಂದು ವೇಳೆ ಮರೆತಿದ್ದರೂ ಅದು ಸಾಯುತ್ತಿರಲಿಲ್ಲ, ಸ್ವಲ್ಪ ಸೊರಗುತ್ತಿತ್ತು ಅಷ್ಟೇ. ಸಾಯಿಸಿದ್ದು ಏಳು ಗಂಟೆ ಹೊತ್ತಿನ ಬಿಸಿಲು. ಆ ಅಂಕಿಗಳನ್ನು ಇಟ್ಟುಕೊಂಡು ನಾನು ಮೂರು ವಾರ ಸುಮ್ಮನೆ ಕೂತಿದ್ದೆ. ಸರಸಮ್ಮ ಇಡ್ಲಿ ತಟ್ಟೆ ಕೊಳ್ಳಲು ಬಾರದೆ ಇದ್ದಿದ್ದರೆ ಇನ್ನೂ ಕೂತಿರುತ್ತಿದ್ದೆನೋ ಏನೋ.

ಇವತ್ತು ಬೆಳಗ್ಗೆ ಅಪ್ಪಯ್ಯನಿಗೆ ಎಲ್ಲ ಹೇಳಿದೆ, ಜಿರಳೆ ಅನ್ನುವುದನ್ನೂ ಸೇರಿಸಿ. ಅವರು ದೇವರ ಹೂವು ಬಿಡಿಸುತ್ತಿದ್ದರು. ಜಿರಳೆ ಅಂದ ಕೂಡಲೇ ಕೈ ನಿಂತಿತು, ರೇಷ್ಮೆ ಅಲ್ದಾ ಅಂತ ಎರಡು ಸಲ ಕೇಳಿದರು. ಹೋಟೆಲಿನ ಹೆಸರು ಹೊರಗೆ ಬರಬಹುದು ಅಪ್ಪಯ್ಯ ಅಂದೆ. ಬರ್ಲಿ, ಆ ಫ್ರೀಜರೇ ಈಗ ಇಲ್ಲೆ, ಐಸ್‌ಕ್ರೀಮು ಸುರಿದದ್ದ್ ನಾನ್, ಸುಳ್ಳು ಬೋರ್ಡ್ ಇಟ್ಟದ್ದೂ ನಾನ್ ಅಂದರು. ಆಮೇಲೆ ಉಳಿದ ಹೂವನ್ನೆಲ್ಲ ಬಿಡಿಸಿ ಮುಗಿಸಿದರು. ಎದ್ದು ಹೋಗುವಾಗ ಕೇಳಿದರು, ಆ ಸೌಟಿನ ಹುಡ್ಗಿ ಎಂತಕ್ಕೆ ಬತ್ತಿಲ್ಲೆ ಅಂತ ನಾನ್ ಇಷ್ಟ್ ಸಲ ಕೇಂಡೆ, ಕೆಲ್ಸ ಸಿಕ್ಕಿ ಹೋದ್ಲ್ ಅಂದೆ ಅಲ್ದಾ ನೀನ್. ನನಗೆ ಅಳು ಬಂತು. ಅವರು ನಿಂತು ಸಮಾಧಾನ ಮಾಡಲಿಲ್ಲ. ಮೆಟ್ಟಿಲ ಮೇಲೆ ಡಬ್ಬಿ ಇಟ್ಟದ್ದಕ್ಕೆ ತನ್ನ ಹೆಸರಿನಲ್ಲೂ ನಿನಗೆ ಕ್ಷಮೆ ಕೇಳಿ ಬರೆಯಬೇಕಂತೆ. ಔ‍ಷಧಿ ಹಾಕಿ ಕೆಡದ ಹಾಗೆ ಮಾಡಿದ ಮಾಂಸ ಅಂದುಕೊಂಡಿದ್ದರಂತೆ, ಹಾಲಿನ ಹಾಗೆ ಕೆಡುವ ವಸ್ತು ಅಂತ ಗೊತ್ತಿದ್ದರೆ ಬಾಳೆ ಎಲೆಯನ್ನಾದರೂ ಮುಚ್ಚುತ್ತಿದ್ದೆ ಅಂದರು.

ಮುಂದಿನ ಬುಧವಾರ, ಇಪ್ಪತ್ತೊಂದನೇ ತಾರೀಕು, ನನ್ನ ಪಿಎಚ್‌ಡಿ ವೈವಾ. ಎಲ್ಲರೆದುರು ನಡೆಯುವಂಥದ್ದು, ಯಾರು ಬೇಕಾದರೂ ಬಂದು ಕೂತು ಪ್ರಶ್ನೆ ಕೇಳಬಹುದು. ನೀನು ಬಂದು ಏಳನೇ ಬ್ಯಾಚಿಗೆ ಏನಾಯಿತು ಅಂತ ಕೇಳಿದರೆ ಉತ್ತರ ಹೇಳಿಬಿಡುತ್ತೇನೆ ಅಂತ ಬರೆಯಲು ಹೊರಟಿದ್ದೆ. ಬರೆದು ನೋಡಿದರೆ ಇದೆಂಥ ನಾಚಿಕೆಗೇಡು ಅನ್ನಿಸಿತು. ಹೊರೆ ಹೊತ್ತದ್ದು ನೀನು, ಅದನ್ನು ಇಳಿಸಲೂ ನೀನೇ ಪೆರಂಬೂರಿನಿಂದ ಬಸ್ಸು ಹತ್ತಿ ಬರಬೇಕಾ! ಬೇಡ. ಆ ಕೆಲಸ ನನ್ನದು. ವೈವಾದ ಮುಂಚೆಯೇ ಸಾರ್ ಹತ್ತಿರ ಹೋಗುತ್ತೇನೆ. ಈ ಕಾಗದವನ್ನು ಅದಾದ ಮೇಲೆಯೇ ಅಂಚೆ ಡಬ್ಬಕ್ಕೆ ಹಾಕುತ್ತೇನೆ. ಹೋಗದಿದ್ದರೆ ಹಾಕುವುದೂ ಇಲ್ಲ. ಅಂದರೆ ಇದು ನಿನ್ನ ಕೈಗೆ ಬಂದಿದ್ದರೆ ನಾನು ಹೋಗಿ ಬಂದಿದ್ದೇನೆ ಅಂತ ತಿಳಿ.

ಕ್ಷಮಿಸು ಅಂತ ಕೇಳುವುದಿಲ್ಲ. ಕ್ಷಮಿಸಬೇಕಾದ ಅಗತ್ಯವೂ ನಿನಗಿಲ್ಲ. ಆದರೆ ಇವತ್ತು ಗ್ಯಾಸ್ ಒಂದೇ ಸಲ ಆರಿಸಿ ಮಲಗು. ಫಾರಮ್ಮನ್ನು ಒಂದೇ ಸಲ ಓದಿ ಸಹಿ ಹಾಕು. ಮದುವೆ ಬೇಡವಾದರೆ ಬೇಡ ಅನ್ನು, ಆದರೆ ಮರೆವು ಅನ್ನುವ ಕಾರಣ ಕೊಡಬೇಡ. ನಿನಗೆ ಆ ರೋಗ ಇಲ್ಲ, ಯಾವತ್ತೂ ಇರಲಿಲ್ಲ, ಅದನ್ನು ನಿನಗೆ ಅಂಟಿಸಿದವಳು ನಾನು. ನಿನ್ನಷ್ಟು ಹದವಾಗಿ, ನಿನ್ನಷ್ಟು ಎಚ್ಚರವಾಗಿ ಕೆಲಸ ಮಾಡುವವರನ್ನು ನಾನು ಆಮೇಲೆ ಕಂಡಿಲ್ಲ ಕಣೇ. ನಿನ್ನನ್ನು ಬಹಳ ನೆನೆಸುತ್ತೇನೆ.

ಸರಸಮ್ಮನಿಗೆ ನಮಸ್ಕಾರ ತಿಳಿಸು. ನಾನು ಎಂಥವಳು ಅಂತ ಹೇಳಿದ ಮೇಲೆ.

ನಿನ್ನ ಗೆಳತಿಯಾಗಿದ್ದ,
ವಿನೋದಾ

ಮ.ಸೂ.: ಬುಧವಾರ, 14ನೇ ತಾರೀಕು. ಇವತ್ತು ಹೋಗಿದ್ದೆ. ಮೂರು ಸಲ ಮಾಡಿದ ಅಂಕಿಗಳನ್ನೂ, ನಡೆದದ್ದನ್ನೆಲ್ಲ ಬರೆದ ನಾಲ್ಕು ಪುಟಗಳನ್ನೂ ಸಾರ್ ಮೇಜಿನ ಮೇಲಿಟ್ಟೆ. ಅವರು ನಿಂತುಕೊಂಡೇ ಓದಿದರು. ಬೈಯುತ್ತಾರೆ ಅಂತ ಕಾದೆ. ಎನಕ್ಕು ಅಪ್ಪವೇ ತೆರಿಯುಮ್ಮಾ ಅಂದರು. ನನಗೆ ಆಗಲೇ ಗೊತ್ತಿತ್ತಮ್ಮಾ ಅಂತ. ಆ ಸೋಮವಾರ ಸಂಜೆ ನಾನು ಹೋದ ಮೇಲೆ ಅವರೂ ಒಂದು ಟ್ಯೂಬ್ ತೆರೆದು ಮೂಸಿ ನೋಡಿದ್ದರಂತೆ. ಇಬ್ಬರಲ್ಲಿ ಒಬ್ಬರನ್ನು ತೆಗೆಯಲೇಬೇಕಿತ್ತು, ಹೇಗೆ ಹೇಳುವುದು ಅಂತ ಒದ್ದಾಡುತ್ತಿದ್ದೆ, ನೀನೇ ಒಂದು ಕಾರಣ ತಂದುಕೊಟ್ಟೆ ಅಂದರು. ವೈವಾ ಮುಗಿಯಲಿ, ಆಮೇಲೆ ಪತ್ರಿಕೆಗೆ ಒಂದು ತಿದ್ದುಪಡಿ ಕಳಿಸಿದರಾಯಿತು ಅಂದರು. ಆಗುವುದಿಲ್ಲ ಅಂದೆ. ಪರೀಕ್ಷಕರಿಗೂ ಪತ್ರಿಕೆಗೂ ನಾನೊಬ್ಬಳೇ ಸಹಿ ಹಾಕಿ ಬರೆದ ಕಾಗದಗಳು ಮಧ್ಯಾಹ್ನವೇ ರಿಜಿಸ್ಟರ್ ಪೋಸ್ಟಿನಲ್ಲಿ ಹೋದವು. ಇಪ್ಪತ್ತೊಂದಕ್ಕೆ ವೈವಾ ಇಲ್ಲ, ಮುಂದೆ ಇದೆಯೋ ಇಲ್ಲವೋ ಗೊತ್ತಿಲ್ಲ. ಅದು ಇರಲಿ. ನೀನು ಮರೆತಿಲ್ಲ ಅಂತ ಆ ಲ್ಯಾಬಿನಲ್ಲಿ ಇಬ್ಬರಿಗೆ ಗೊತ್ತಿತ್ತು ಕಲಾ. ಗೊತ್ತಿಲ್ಲದೆ ಇದ್ದವಳು ನೀನೊಬ್ಬಳೇ.